ಬೆನ್ನುಹುರಿಗೆ ಪೆಟ್ಟು: ಆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಲೇಬೇಕಿತ್ತಾ?

ಪ್ರಶ್ನೆ: ಮೇಡಂ, ನನ್ನ ತಮ್ಮ ಏಣಿಯಿಂದ ಬಿದ್ದು ಕುತ್ತಿಗೆ ಮೂಳೆ ಮುರಿದುಕೊಂಡ. ಅದೇ ರಾತ್ರಿ ಆಪರೇಷನ್ ಆಯ್ತು. ಕೈ ಸ್ವಲ್ಪ ಆಡುತ್ತದೆ, ಕಾಲಿಗೆ ಇನ್ನೂ ಬಲ ಬಂದಿಲ್ಲ. "8 ಗಂಟೆಯೊಳಗೆ ಸ್ಟೀರಾಯ್ಡ್ ಹಾಕಿಸಿದ್ದರೆ ಓಡಾಡ್ತಿದ್ದ" ಅಂತ ನೆಂಟರೊಬ್ಬರು ಹೇಳಿದ್ದಾರೆ. ಅಲ್ಲಿ ಅದನ್ನು ಕೊಡಲಿಲ್ಲ. ಅಮ್ಮನಿಗೆ ಈಗ ಅದೇ ಕೊರಗು. ತಪ್ಪಾಯ್ತಾ?

ಉತ್ತರ (ಸ್ಪೈನ್ ಸರ್ಜನ್): ಇಲ್ಲ, ತಪ್ಪಲ್ಲ. ಅಮ್ಮನಿಗೆ ಇದನ್ನು ಮೊದಲು ಹೇಳಿ.

ಆ 8 ಗಂಟೆಯ ಮಾತು ಹುಟ್ಟಿದ್ದು 1990ರಲ್ಲಿ ಪ್ರಕಟವಾದ ನ್ಯಾಸಿಸ್-2 ಅನ್ನೋ ಅಮೆರಿಕದ ಅಧ್ಯಯನದಿಂದ. ಅದರಲ್ಲಿ ಕೊಟ್ಟ ಸ್ಟೀರಾಯ್ಡ್ ಮೀಥೈಲ್‌ಪ್ರೆಡ್ನಿಸೊಲೋನ್. ಎಲ್ಲ ರೋಗಿಗಳನ್ನೂ ಸೇರಿಸಿ ನೋಡಿದಾಗ ಲಾಭ ಕಾಣಲಿಲ್ಲ. 8 ಗಂಟೆಯೊಳಗೆ ಔಷಧ ಸಿಕ್ಕವರನ್ನು ಬೇರೆ ಮಾಡಿ ನೋಡಿದಾಗ ಸ್ನಾಯುಬಲದ ಅಂಕ ಸ್ವಲ್ಪ ಜಾಸ್ತಿ ಬಂತು. ಎದ್ದು ಓಡಾಡುವಷ್ಟು ವ್ಯತ್ಯಾಸ ಅಲ್ಲ ಅದು.

ಪ್ರಮಾಣ ನೋಡಿ. 60 ಕೆ.ಜಿ. ತೂಕದವರಿಗೆ 15 ನಿಮಿಷದಲ್ಲಿ 1,800 ಮಿ.ಗ್ರಾಂ. 45 ನಿಮಿಷ ಬಿಟ್ಟು, 23 ಗಂಟೆ ಕಾಲ ಗಂಟೆಗೆ 324 ಮಿ.ಗ್ರಾಂ. ಒಟ್ಟು 9 ಗ್ರಾಂ ದಾಟುತ್ತದೆ! ಕುತ್ತಿಗೆಗೆ ಪೆಟ್ಟಾದವರಿಗೆ ಕಫ ಕೆಮ್ಮಿ ತೆಗೆಯೋದೇ ಕಷ್ಟ. ಅದರ ಮೇಲೆ ಇಷ್ಟು ಸ್ಟೀರಾಯ್ಡ್ ಸುರಿದರೆ ನ್ಯುಮೋನಿಯಾ, ಗಾಯದ ಸೋಂಕು, ಹೊಟ್ಟೆಯಲ್ಲಿ ರಕ್ತಸ್ರಾವ ಇವುಗಳ ಭಯ ಹೆಚ್ಚು. 2013ರ ಅಮೆರಿಕದ ನ್ಯೂರೋಸರ್ಜನ್‌ಗಳ ಮಾರ್ಗಸೂಚಿ ಬೇಡ ಅಂದಿತು. 2017ರ ಇನ್ನೊಂದು ಮಾರ್ಗಸೂಚಿ, 8 ಗಂಟೆಯೊಳಗಾದರೆ ಯೋಚಿಸಬಹುದು ಅಂದಿತು. ಹಾಗಾಗಿ ಕೊಟ್ಟವರನ್ನೂ ಕೊಡದವರನ್ನೂ ದೂರುವ ಹಾಗಿಲ್ಲ. ನಾನಂತೂ ಕೊಡೋದಿಲ್ಲ.

ಬೆನ್ನುಹುರಿ ಕಾಯುವ ಔಷಧ ಅಂದರೆ ನನಗೆ ಮೊದಲು ನೆನಪಾಗೋದು ಬಿ.ಪಿ. ಏರಿಸುವ ನಾರ್‌ಅಡ್ರಿನಲಿನ್. ಬಿದ್ದ ಪೆಟ್ಟಿಗಿಂತ ಆಮೇಲಿನ ಊತ, ರಕ್ತದ ಕೊರತೆ, ನರಕೋಶಗಳಿಗೆ ನುಗ್ಗುವ ಕ್ಯಾಲ್ಸಿಯಂ ಇವು ಅಳಿದುಳಿದ ನರಗಳನ್ನು ಕೊಲ್ಲುತ್ತವೆ. ಕುತ್ತಿಗೆಯ ಪೆಟ್ಟಿನಲ್ಲಿ ಬಿ.ಪಿ. ಬೇರೆ ಇಳಿದುಬಿಡುತ್ತದೆ. ಅದಕ್ಕೇ ಐಸಿಯುನಲ್ಲಿ ಸರಾಸರಿ ರಕ್ತದೊತ್ತಡವನ್ನು, ಅಂದರೆ ಮಾನಿಟರ್‌ನಲ್ಲಿ ಆವರಣದೊಳಗೆ ಕಾಣುವ ಅಂಕಿಯನ್ನು, 85–90ರ ಆಸುಪಾಸು ಹಿಡಿದಿಡುತ್ತೇವೆ. ಕೆಲವರಿಗೆ ಒಂದು ವಾರದವರೆಗೂ. ಇದಕ್ಕೂ ಕಬ್ಬಿಣದಂಥ ಪುರಾವೆ ಇಲ್ಲ, ಆದರೆ ತರ್ಕ ಗಟ್ಟಿಯಾಗಿದೆ. ಇನ್ನೊಂದು, ಹುರಿಯ ಮೇಲಿನ ಒತ್ತು 24 ಗಂಟೆಯೊಳಗೆ ಬಿಡಿಸೋದು. ನಿಮ್ಮ ತಮ್ಮನಿಗೆ ಅದು ಆಗಿದೆ.

ಇನ್ನೊಬ್ಬ ಸದಸ್ಯರು: ರಿಲುಜೋಲ್ ಅಂತ ಹೊಸ ಮಾತ್ರೆ ಬಂದಿದೆಯಂತೆ, ಹೌದಾ?

ಉತ್ತರ: ಮಾತ್ರೆ ಹಳೆಯದೇ ಸರ್, ಎಎಲ್‌ಎಸ್ ಅನ್ನೋ, ಸ್ನಾಯು ಆಡಿಸುವ ನರಗಳು ಸವೆಯುವ ಕಾಯಿಲೆಗೆ ಕೊಡುವಂಥದ್ದು. ಬೆನ್ನುಹುರಿಯ ಪೆಟ್ಟಿಗೆ ಕೊಟ್ಟು ನೋಡಿದ ದೊಡ್ಡ ಪ್ರಯೋಗದ ಫಲಿತಾಂಶ 2023ರಲ್ಲಿ ಬಂತು. ಬೇಕಾದಷ್ಟು ರೋಗಿಗಳು ಸೇರುವ ಮೊದಲೇ ಅದು ನಿಂತಿತ್ತು, ಮುಖ್ಯ ಗುರಿಯೂ ಈಡೇರಲಿಲ್ಲ. ಅದಕ್ಕೂ ಮುಂಚೆ ಜಿಎಂ-1 ಅನ್ನೋ ಔಷಧದ ಕಥೆಯೂ ಹೀಗೇ ಆಯ್ತು. ಇಲಿಗಳಲ್ಲಿ ಫಲಿಸಿದ್ದು ಮನುಷ್ಯರಲ್ಲಿ ಯಾಕೆ ಫಲಿಸಲ್ಲ ಅಂದರೆ, ಲ್ಯಾಬಿನಲ್ಲಿ ಎಲ್ಲ ಇಲಿಗಳಿಗೂ ಒಂದೇ ಜಾಗದಲ್ಲಿ, ಒಂದೇ ಅಳತೆಯ ಪೆಟ್ಟು ಕೊಡುತ್ತಾರೆ, ಔಷಧವೂ ಬೇಗ ಸಿಗುತ್ತದೆ. ಮನುಷ್ಯರು ಹಾಗೆ ಅಳತೆ ನೋಡಿ ಬೀಳ್ತಾರಾ?

ಪ್ರಶ್ನೆ ಕೇಳಿದವರು: ಮೇಡಂ, ಎರಡು ತಿಂಗಳಾಯ್ತು. ಈಗಲಾದರೂ ಆ ಇಂಜೆಕ್ಷನ್ ಕೊಡಿಸಬಹುದಾ? ಬ್ಯಾಕ್ಲೋಫೆನ್ ಬರೆದಿದ್ದಾರೆ, ಅದು ಇದಕ್ಕೇನಾ?

ಉತ್ತರ: ಈಗ ಆ ಇಂಜೆಕ್ಷನ್‌ನಿಂದ ತೊಂದರೆಯೇ ಹೊರತು ಲಾಭವಿಲ್ಲ. ಯಾರಾದರೂ ಕೊಡ್ತೀನಿ ಅಂದರೂ ಬೇಡ ಅನ್ನಿ. ಬ್ಯಾಕ್ಲೋಫೆನ್ ಸ್ನಾಯುಗಳ ಸೆಡೆತ ಇಳಿಸೋಕೆ, ನರ ಉಳಿಸೋಕಲ್ಲ. ಆದರೆ ಅದನ್ನು ಸುಮ್ನೆ ಒಂದು ದಿನ ನಿಲ್ಲಿಸಬೇಡಿ, ತಟ್ಟನೆ ಬಿಟ್ಟರೆ ಫಿಟ್ಸ್ ಬರಬಹುದು. ಹಾಗೇ, ತಮ್ಮನಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುವ ನೋವು ಬಂದು ಮುಖ ಕೆಂಪಾಗಿ ಬೆವರಿದರೆ, ಬಿ.ಪಿ. ಅಪಾಯದ ಮಟ್ಟಕ್ಕೆ ಏರಿರಬಹುದು. ತಕ್ಷಣ ಎಬ್ಬಿಸಿ ಕೂರಿಸಿ, ಬಿಗಿಯಾದ ಬಟ್ಟೆ ಸಡಿಲಿಸಿ, ಮೂತ್ರದ ಪೈಪ್ ಮಡಚಿಕೊಂಡಿದೆಯಾ ನೋಡಿ. ಇಳಿಯದಿದ್ದರೆ ಕಾಯಬೇಡಿ, ಎಮರ್ಜೆನ್ಸಿಗೆ ಕರೆದೊಯ್ಯಿರಿ.