ಡೇ ಕೇರ್ ಫೀಸು, ಇಬ್ಬರ ಸಂಬಳ, ಇನ್‌ಕಮ್ ಟ್ಯಾಕ್ಸ್: ತುಮಕೂರಿನಿಂದ ಒಂದು ಪ್ರಶ್ನೆ

ಪ್ರಶ್ನೆ: ಮೇಡಂ, ನಮ್ಮದು ತುಮಕೂರು. ಯಜಮಾನರು ದಿನಾ ರೈಲಲ್ಲಿ ಬೆಂಗಳೂರಿಗೆ ಹೋಗಿಬರ್ತಾರೆ, ವರ್ಷಕ್ಕೆ 14 ಲಕ್ಷ ಸಂಬಳ. ನನಗೆ ಇಲ್ಲೇ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕೆಲಸ, ವರ್ಷಕ್ಕೆ 6 ಲಕ್ಷ. ಮಗಳ ಡೇ ಕೇರ್‌ಗೆ ತಿಂಗಳಿಗೆ 8,000. ಇದನ್ನ ಟ್ಯಾಕ್ಸಲ್ಲಿ ಕಳೆಯಬಹುದಾ? ಇಬ್ಬರು ದುಡಿದ್ರೆ ಟ್ಯಾಕ್ಸ್ ಜಾಸ್ತಿ, ನೀನು ಕೆಲಸ ಬಿಡೋದೇ ವಾಸಿ ಅಂತಾರೆ ಮನೇಲಿ.

ಉತ್ತರ: ಆ ಮಾತು ತಪ್ಪು. ನಮ್ಮಲ್ಲಿ ಗಂಡ ಹೆಂಡತಿ ಸಂಬಳ ಸೇರಿಸಿ ಟ್ಯಾಕ್ಸ್ ಹಾಕಲ್ಲ. ಬೇರೆ ಪ್ಯಾನ್, ಬೇರೆ ರಿಟರ್ನ್, ಬೇರೆ ಸ್ಲ್ಯಾಬ್ (ಆದಾಯದ ಹಂತಕ್ಕೆ ತಕ್ಕ ದರ). ಟ್ಯಾಕ್ಸ್ ಲೆಕ್ಕಕ್ಕೆ ಎರಡು ಪದ್ಧತಿ: ದರ ಕಡಿಮೆ ಆದರೆ ಕಡಿತಗಳೂ ಕಡಿಮೆ ಇರೋ ಹೊಸದು, ಕಡಿತಗಳು ಹೆಚ್ಚಿರೋ ಹಳೇದು. 2025-26ರ ಹಣಕಾಸು ವರ್ಷಕ್ಕೆ ಹೊಸ ಪದ್ಧತಿಯಲ್ಲಿ ನಿಮ್ಮ 6 ಲಕ್ಷದಿಂದ ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆಲ್ಲ ಸಿಗೋ ಕಡಿತ) 75,000 ಹೋದರೆ 5.25 ಲಕ್ಷ. 12 ಲಕ್ಷದವರೆಗೆ ಕಲಂ 87ಎ ರಿಬೇಟ್ (ಟ್ಯಾಕ್ಸ್ ಮನ್ನಾ) ಇರೋದ್ರಿಂದ ಟ್ಯಾಕ್ಸ್ ಸೊನ್ನೆ. ಅದೇ 75,000 ಕಳೆದರೆ ಯಜಮಾನರದ್ದು 13.25 ಲಕ್ಷ, ಅದಕ್ಕೆ ಟ್ಯಾಕ್ಸ್ 78,750, ಅದರ ಮೇಲಿನ ಸೆಸ್ ಸೇರಿ 81,900. ನೀವು ಕೆಲಸ ಬಿಟ್ಟರೂ ಇದರಲ್ಲಿ ಒಂದು ರೂಪಾಯಿ ಇಳಿಯಲ್ಲ. ಅಮೆರಿಕದ ಥರ ಜಂಟಿ ರಿಟರ್ನ್ ಇದ್ದಿದ್ದರೆ ನಿಮ್ಮ ಮೊದಲ ರೂಪಾಯಿಗೇ ಅವರ ಮೇಲಿನ ಸ್ಲ್ಯಾಬಿನ ದರ ಬೀಳ್ತಿತ್ತು. ಜಂಟಿ ತೆರಿಗೆ ಬರಲಿ ಅನ್ನೋರು ಇದನ್ನ ಯೋಚಿಸಬೇಕು.

ಆದರೆ ಡೇ ಕೇರ್‌ನ 96,000ಕ್ಕೆ ಎರಡೂ ಪದ್ಧತಿಯಲ್ಲಿ ಕಡಿತ ಇಲ್ಲ. ಕೆಲಸಕ್ಕೆ ಹೋಗೋಕಂತಲೇ ಮಾಡೋ ಖರ್ಚನ್ನ ಮನೆಖರ್ಚು ಅಂತ ತಳ್ಳಿಹಾಕೋದು ಕಾಯ್ದೆಯ ದೊಡ್ಡ ಕೊರತೆ ಅಂತ ನನಗನ್ನಿಸುತ್ತೆ. ಹಳೇ ಪದ್ಧತಿಯಲ್ಲಿ ಪ್ಲೇ ಸ್ಕೂಲಿನ ಬೋಧನಾ ಶುಲ್ಕ ಮಾತ್ರ ಕಲಂ 80ಸಿಯ ಕಡಿತಕ್ಕೆ ಬರುತ್ತೆ. ಊಟ, ವ್ಯಾನು, ಡೊನೇಷನ್, ನೋಡಿಕೊಳ್ಳೋ ಚಾರ್ಜು ಬರಲ್ಲ. ಎಲ್ಲಾ ಒಂದೇ ಮೊತ್ತ ಮಾಡಿ ರಸೀದಿ ಕೊಟ್ಟರೆ ಬಿಡಿಸಿ ಬರೆಸಿಕೊಳ್ಳಿ. ಅದಕ್ಕೋಸ್ಕರ ಯಜಮಾನರು ಹಳೇದಕ್ಕೆ ಹೋಗೋದು ಬೇಡ. ಅಲ್ಲಿ ಲಾಭ ಕಾಣಬೇಕಾದರೆ ಸ್ಟ್ಯಾಂಡರ್ಡ್ 50,000 ಬಿಟ್ಟು 5,18,750ಕ್ಕಿಂತ ಜಾಸ್ತಿ ಕಡಿತ ಬೇಕು.

ಪ್ರಶ್ನೆ: ಅವರ ದುಡ್ಡನ್ನ ನನ್ನ ಹೆಸರಲ್ಲಿ ಎಫ್‌ಡಿ ಇಟ್ಟರೆ?

ಉತ್ತರ: ನಡೆಯಲ್ಲ. 2025-26ಕ್ಕೆ ಅನ್ವಯಿಸೋ 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 64ರ ಪ್ರಕಾರ ಆ ಬಡ್ಡಿ ಅವರ ಆದಾಯಕ್ಕೇ ಸೇರುತ್ತೆ. ಮಗಳ ಹೆಸರಲ್ಲಿಟ್ಟರೂ ಅಷ್ಟೇ, ಇಬ್ಬರಲ್ಲಿ ಆದಾಯ ಹೆಚ್ಚಿರೋರಿಗೆ ಸೇರುತ್ತೆ. ಉಲ್ಟಾ ಮಾಡಿ: ಡೇ ಕೇರ್, ಬಾಡಿಗೆ, ದಿನಸಿ ಎಲ್ಲಾ ಅವರ ಖಾತೆಯಿಂದ ಹೋಗಲಿ, ನಿಮ್ಮ ಸಂಬಳ ನಿಮ್ಮ ಖಾತೆಯಿಂದಲೇ ಎಫ್‌ಡಿಗೆ ಹೋಗಲಿ. 2 ಲಕ್ಷಕ್ಕೆ ಶೇ 7ರಂತೆ 14,000 ಬಡ್ಡಿ ಅಂದುಕೊಳ್ಳಿ. ಅವರಾದರೆ 2,184 ಟ್ಯಾಕ್ಸ್ ಕಟ್ಟಬೇಕು, ನಿಮಗೆ ಏನೂ ಇಲ್ಲ. ಎರಡೂ ಸಂಬಳ ಒಂದೇ ಜಂಟಿ ಖಾತೆಗೆ ಬಿದ್ದರೆ ಯಾವುದು ಯಾರ ದುಡ್ಡು ಅಂತ ತೋರಿಸೋದು ಕಷ್ಟ, ಬೇರೆ ಇಡಿ.

ಇನ್ನೊಂದು, 50 ಅಥವಾ ಹೆಚ್ಚು ನೌಕರರಿರೋ ಕಡೆ ಶಿಶುಪಾಲನಾ ಸೌಲಭ್ಯ ಕೊಡಲೇಬೇಕು, ತಾಯಿ ದಿನಕ್ಕೆ 4 ಸಲ ಮಗು ನೋಡಿಬರಬಹುದು. ನಿಮ್ಮ ಫ್ಯಾಕ್ಟರಿಯ ಎಚ್‌ಆರ್‌ಗೆ ಬರವಣಿಗೆಯಲ್ಲೇ ಕೇಳಿ.