ಇಎಸ್‌ಪಿ32 ಇರುವಾಗ ಹಳೇ 74 ಸರಣಿ ಚಿಪ್ ಯಾಕೆ?

ತಿಕೋಟಾದಿಂದ ಪ್ರಶ್ನೆ: ನಮ್ಮ ದ್ರಾಕ್ಷಿ ತೋಟದ ಡ್ರಿಪ್‌ಗೆ 16 ವಾಲ್ವ್ ಇವೆ. ಇಎಸ್‌ಪಿ32 ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡಿನಿಂದಲೇ ನಡೆಸೋಣ ಅಂತ ಕೂತೆ. ಡಿಸ್‌ಪ್ಲೇ, ಸೆನ್ಸರ್ ಕಟ್ಟಿದ ಮೇಲೆ ಪಿನ್ ಸಾಲುತ್ತಿಲ್ಲ. ಅಂಗಡಿಯವರು 74 ಸರಣಿಯ 595 ಹಾಕ್ರಿ ಅಂತಾರೆ. ಕಾಲೇಜಲ್ಲಿ ಓದಿ ಮರೆತ ಚಿಪ್ ಅದು, ಈಗಲೂ ಬಳಸ್ತಾರಾ? ದೊಡ್ಡ ಬೋರ್ಡನ್ನೇ ತಗೊಳ್ಳಲಾ? ಮಾಡಿ ನೋಡಿದವರು ಹೇಳಿ.

ಬೆಳಗಾವಿ, ಉದ್ಯಮಬಾಗ್: ದೊಡ್ಡ ಬೋರ್ಡ್ ಬೇಡ ರೀ. 595 ಅಂದ್ರೆ ಒಂದೇ ತಂತಿಯಲ್ಲಿ ಸಾಲಾಗಿ ಬಂದ ಬಿಟ್‌ಗಳನ್ನು ಎಂಟು ಔಟ್‌ಪುಟ್‌ಗೆ ಹಂಚೋ ಚಿಪ್. ಎರಡು 74ಎಚ್‌ಸಿ595 ಒಂದರ ಬಾಲಕ್ಕೆ ಒಂದು ಕಟ್ಟಿದರೆ 16 ಔಟ್‌ಪುಟ್ ಸಿಗುತ್ತವೆ, ಹೋಗೋದು ಮೂರೇ ಪಿನ್. 3.3 ವೋಲ್ಟಿನಲ್ಲೇ ನಡೆಯುತ್ತೆ. ವಾಲ್ವ್ ಆನ್-ಆಫ್ ಮಾಡೋ ರಿಲೇ ಮಾತ್ರ ನೇರ ಕಟ್ಟಬೇಡಿ. ಇಡೀ ಚಿಪ್ ತಡೆಯೋದೇ 70 ಮಿಲಿಆಂಪ್, ಮಧ್ಯೆ ಹೆಚ್ಚು ಕರೆಂಟ್ ತಡೆಯೋ ಯುಎಲ್‌ಎನ್2803 ಡ್ರೈವರ್ ಚಿಪ್ ಇರಲಿ.

ನಾನು ಕೈ ಸುಟ್ಟುಕೊಂಡಿದ್ದು ಬೇರೆ ಕಡೆ. ಕರೆಂಟ್ ಹೋಗಿ ಬಂದಾಗ 595 ಒಳಗೆ ಏನಿರುತ್ತೆ ಅನ್ನೋದಕ್ಕೆ ಲೆಕ್ಕವಿಲ್ಲ. ನನ್ನ ಮೊದಲ ಪ್ಯಾನಲ್ಲಿನಲ್ಲಿ ಲೈನ್ ಬಂದ ಕೂಡಲೇ ರಿಲೇಗಳು ಟಪಟಪ ಬಡಿದುಕೊಂಡು, ಪ್ರೋಗ್ರಾಂ ಏಳೋ ಹೊತ್ತಿಗೆ ಯಾವ್ಯಾವುದೋ ನಾಲ್ಕು ಆನ್ ಆಗಿ ಕೂತಿರುತ್ತಿದ್ದವು. ಮೂರು ದಿನ ಸುಮ್ನೆ ಕೋಡ್ ತಡಕಾಡಿದೆ. ತಪ್ಪು ಇದ್ದದ್ದು 13ನೇ ಪಿನ್ನಿನಲ್ಲಿ. ಅದು ಔಟ್‌ಪುಟ್ ಎನೇಬಲ್, ಲೋ ಇದ್ದಾಗಷ್ಟೇ ಔಟ್‌ಪುಟ್ ಹೊರಗೆ ಬಿಡುತ್ತೆ; ನಾನು ನೇರ ಗ್ರೌಂಡಿಗೆ ಕೊಟ್ಟುಬಿಟ್ಟಿದ್ದೆ. ಆಮೇಲೆ 10ಕೆ ರೆಸಿಸ್ಟರ್ ಹಾಕಿ ಅದನ್ನು 3.3ಕ್ಕೆ ಕಟ್ಟಿದೆ, ಬೋರ್ಡಿಂದ ನಾಲ್ಕನೇ ತಂತಿಯನ್ನೂ ಅಲ್ಲಿಗೆ ತಂದೆ. ಈಗ ಪ್ರೋಗ್ರಾಂ ಮೊದಲು ಪೂರ್ತಿ ಸೊನ್ನೆ ತುಂಬುತ್ತೆ, ಆಮೇಲಷ್ಟೇ ಆ ಪಿನ್ ಲೋ ಮಾಡುತ್ತೆ. ಅವತ್ತಿಂದ ಟಪಟಪ ಇಲ್ಲ. ಪ್ರತಿ ಚಿಪ್ಪಿನ ಪಕ್ಕ ಒಂದು 104 (0.1 ಮೈಕ್ರೋಫ್ಯಾರಡ್) ಕೆಪಾಸಿಟರ್ ಮರೀಬೇಡಿ.

ಇಳಕಲ್: 595ಕ್ಕೆ ಹಳೇದು ಅಂದ್ರಲ್ಲ, ಅಂಗಡಿ ಮುಂದೆ ಓಡೋ ಅಕ್ಷರದ ಪಿ10 ಬೋರ್ಡಿನ ಬೆನ್ನು ತಿರುಗಿಸಿ ನೋಡ್ರಿ, 595ಗಳ ಸಾಲೇ ಇರುತ್ತೆ. ನಾನು ಅವನ್ನೇ ಮಾಡಿ ಕೊಡ್ತೀನಿ. ಇಎಸ್‌ಪಿ32 ನೇರ ಕಟ್ಟಿದಾಗ ಅಕ್ಷರ ನಡುಗುತ್ತಿತ್ತು, ಕೇಬಲ್ ಮುಟ್ಟಿದರೆ ಇನ್ನೂ ಜಾಸ್ತಿ. ಕಾರಣ ಸಣ್ಣದು: 5 ವೋಲ್ಟಿನಲ್ಲಿರೋ ಎಚ್‌ಸಿ ಚಿಪ್ 3.5 ವೋಲ್ಟ್ ಬಂದರೇನೇ ಖಾತ್ರಿಯಾಗಿ ಒಂದು ಅಂತ ಓದೋದು, ನಮ್ಮ ಇಎಸ್‌ಪಿ32 ಕೊಡೋದು 3.3. ಮಧ್ಯೆ 74ಎಚ್‌ಸಿಟಿ245 ಬಫರ್ ಚಿಪ್ ಹಾಕಿದೆ, ಅದಕ್ಕೆ 2 ವೋಲ್ಟ್ ಸಾಕು. ‘ಟಿ’ ನೋಡಿ ತಗೊಳ್ಳಿ. ಅಂಗಡಿಯಲ್ಲಿ ಎಚ್‌ಸಿ, ಎಚ್‌ಸಿಟಿ ಎರಡೂ ಒಂದೇ ಅಂತ ಕೊಡ್ತಾರೆ, ಒಂದೇ ಅಲ್ಲ.

ಬಾಗಲಕೋಟೆ: ಎಲ್ಲದಕ್ಕೂ 74 ಅನ್ನೋದನ್ನ ನಾನು ಒಪ್ಪಲ್ಲ. ಎಂಸಿಪಿ23017 ಅನ್ನೋ ಪಿನ್ ಹೆಚ್ಚಿಸೋ ಚಿಪ್ ಎರಡೇ ತಂತಿಯಲ್ಲಿ 16 ಪಿನ್ ಕೊಡುತ್ತೆ, ಓದೋಕೂ ಬರುತ್ತೆ. ಲಾಜಿಕ್ ಗೇಟ್ ಚಿಪ್ ಕಟ್ಟಿ ಲೆಕ್ಕ ಮಾಡಿಸೋ ಕಾಲವೂ ಹೋಯ್ತು, ಅದು ಕೋಡಲ್ಲೇ ಇರಲಿ. ಒಂದು ಜಾಗ ಮಾತ್ರ ಬಿಟ್ಟು. ನಾನು ಕಟ್ಟಿದ ಭಾರ ಎತ್ತೋ ಹಾಯ್ಸ್ಟ್‌ನಲ್ಲಿ ಬೋರ್ಡ್ ರೀಸೆಟ್ ಆದ ಕ್ಷಣ ಮೇಲೆ, ಕೆಳಗೆ ಎರಡೂ ಸಿಗ್ನಲ್ ಒಟ್ಟಿಗೆ ಬಂದವು. ಈಗ ಒಂದು 7404 (ನಾಟ್ ಗೇಟ್), ಒಂದು 7408 (ಆ್ಯಂಡ್ ಗೇಟ್) ಅಡ್ಡ ಇವೆ, ಕೋಡ್ ಏನೇ ಮಾಡಿಕೊಂಡರೂ ಎರಡೂ ಒಟ್ಟಿಗೆ ಹೊರಗೆ ಬರಲ್ಲ. ಮೋಟಾರ್ ಆನ್ ಮಾಡೋ ಕಾಂಟ್ಯಾಕ್ಟರಿನ ಇಂಟರ್‌ಲಾಕ್ (ಎರಡೂ ಒಟ್ಟಿಗೆ ಆನ್ ಆಗದ ಹಾಗೆ ತಡೆ) ಬೇರೆ ಇದ್ದೇ ಇದೆ. ಬಳಸದ ಗೇಟಿನ ಇನ್‌ಪುಟ್ ಗಾಳಿಗೆ ಬಿಡಬೇಡಿ, ಗ್ರೌಂಡಿಗೆ ಕೊಡಿ.

ತಿಕೋಟಾದಿಂದ ಮತ್ತೆ: ಎಲ್ಲರಿಗೂ ಥ್ಯಾಂಕ್ಸ್ ರೀ. ಎರಡು ಸುಟ್ಟರೂ ಇರಲಿ ಅಂತ 595 ನಾಲ್ಕು ತಂದೆ. ನಾಲ್ಕರ 13ನೇ ಪಿನ್ನಿಗೂ ಮಾರ್ಕರ್‌ನಿಂದ ಕೆಂಪು ಚುಕ್ಕೆ ಇಟ್ಟಿದ್ದೇನೆ.