ಎರಡು ಪವರ್ಡ್ ಬಾಕ್ಸ್ ಒಟ್ಟಿಗೇ ಬಂದ್, ಬಾಕ್ಸಿನ ಲೈಟ್ ಸಹ ಇಲ್ಲ

ಪ್ರಶ್ನೆ (ಬ್ರಹ್ಮಾವರ):
ಅಣ್ಣಾ, ನಮ್ಮದು 15 ಇಂಚಿನ ಎರಡು ಪವರ್ಡ್ ಬಾಕ್ಸ್, ಆಂಪ್ಲಿಫಯರ್ ಒಳಗೇ ಇರುವ ಸ್ಪೀಕರ್. ಬಯಲಾಟಕ್ಕೆ ಇಟ್ಟಿದ್ದೆವು, ಕರೆಂಟ್ ಲೈಟಿನವರ ತ್ರೀ ಫೇಸ್ ಜನರೇಟರಿನಿಂದ. ಪೂರ್ವರಂಗ ನಡೆಯುವಾಗಲೇ ಎರಡೂ ಒಟ್ಟಿಗೆ ಬಂದ್. ಆಗ ರಂಗಸ್ಥಳದ ಲೈಟ್ ಒಂದು ಸಲ ಜೋರು ಬೆಳಗಿತು ಅಂತ ಹುಡುಗರು ಹೇಳುತ್ತಾರೆ. ವೈರ್ ಬದಲಿಸಿದೆ, ಟೆಸ್ಟರ್ ಇಟ್ಟರೆ ಕರೆಂಟ್ ಉಂಟು. ಮಳೆಗಾಲವಿಡೀ ಗೋಡೌನಿನಲ್ಲಿತ್ತು, ಪಸೆ ಹಿಡಿದು ಹೋಯ್ತಾ? ಒಬ್ಬರು ಬೋರ್ಡೇ ಬದಲಿಸಬೇಕು ಅಂದರು.

ಉತ್ತರ (ಆಂಪ್ಲಿಫಯರ್ ರಿಪೇರಿ, ಮಂಗಳೂರು):
ಪಸೆಯಾದರೆ ಒಂದು ಬಾಕ್ಸ್ ಕೈಕೊಡುತ್ತದೆ, ಎರಡೂ ಒಂದೇ ಹೊತ್ತಿಗೆ ಹೋಗುವುದು ಕಷ್ಟ. ಲೈಟ್ ಜೋರು ಬೆಳಗಿತು ಅಂದಿರಲ್ಲ, ವಿಷಯ ಇರುವುದು ಅಲ್ಲೇ. ನ್ಯೂಟ್ರಲ್, ಅಂದರೆ ಮೂರೂ ಫೇಸಿಗೆ ಒಂದೇ ಇರುವ ವಾಪಸ್ ವೈರ್, ಸಡಿಲ ಆಗಿರಬೇಕು. ತ್ರೀ ಫೇಸಿನಲ್ಲಿ ನ್ಯೂಟ್ರಲ್ ಬಿಟ್ಟರೆ ಕಡಿಮೆ ಲೋಡ್ ಇರುವ ಫೇಸಿಗೆ 230ರ ಬದಲು 300, 350 ವೋಲ್ಟ್ ಕೂಡ ಬರಬಹುದು. ಟೆಸ್ಟರ್ ಆಗಲೂ ಚಂದ ಉರಿಯುತ್ತದೆ, ಅದಕ್ಕೆ ಕರೆಂಟ್ ಉಂಟೋ ಇಲ್ಲವೋ ಅಷ್ಟೇ ಗೊತ್ತು, ಎಷ್ಟು ಉಂಟು ಅಂತ ಗೊತ್ತಿಲ್ಲ. ಮಲ್ಟಿಮೀಟರ್ ಹಿಡಿಯಿರಿ.

ಬೋರ್ಡಿನ ಮಾತು ಆಮೇಲೆ. ವೈರ್ ಕಿತ್ತು, ಪವರ್ ಸಾಕೆಟಿನ ಪಕ್ಕ ಇರುವ ಫ್ಯೂಸ್ ತೆಗೆಯಿರಿ. ಗಾಜು ಸ್ವಚ್ಛ ಇದ್ದು ತಂತಿ ಮಾತ್ರ ತುಂಡಾಗಿದ್ದರೆ ಆಸೆ ಉಂಟು. ಗಾಜಿನೊಳಗೆ ಕಪ್ಪು ಮಸಿ ಹಿಡಿದಿದ್ದರೆ ಒಳಗೆ ಶಾರ್ಟ್. ಬಾಕ್ಸಿನ ಹಿಂದೆ ಬರೆದ ಆಂಪಿಯರ್‌ನದ್ದೇ ಹಾಕಿ. ಅದರ ಮುಂದೆ 'ಟಿ' ಅಂತ ಇದ್ದರೆ ಸ್ಲೋ ಫ್ಯೂಸೇ ಆಗಬೇಕು, ಮಾಮೂಲಿ ಫಾಸ್ಟ್ ಫ್ಯೂಸ್ ಹಾಕಿದರೆ ಆನ್ ಮಾಡುವಾಗಿನ ಹೊಡೆತಕ್ಕೇ ಹಾರಿ ಸುಮ್ನೆ ತಲೆಬಿಸಿ.

ಪ್ರಶ್ನೆ (ಬ್ರಹ್ಮಾವರ):
ಒಂದರ ಗಾಜು ಸ್ವಚ್ಛ ಇತ್ತು, ಹೊಸ ಫ್ಯೂಸಿಗೆ ಆನ್ ಆಯ್ತು! ಇನ್ನೊಂದು ಕಪ್ಪು. ಹೊಸದು ಹಾಕಿದರೂ ಟಪ್ ಅಂತ ಹೋಯ್ತು. 10 ಆಂಪ್ ಹಾಕಿ ನೋಡಲಾ?

ಉತ್ತರ:
ಬೇಡ ಮಾರಾಯ್ರೆ! ಆಗ ಫ್ಯೂಸಿನ ಬದಲು ಬೋರ್ಡ್ ಸುಡುತ್ತದೆ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ತಂದ ಬಾಕ್ಸುಗಳನ್ನೂ ನೋಡಿದ್ದೇನೆ, ಅವುಗಳ ಕತೆ ಬೇಡ.

ಲೈನ್ ಒಳಗೆ ಬರುವಲ್ಲಿ ಎಂಒವಿ ಅಂತ ಒಂದು ಸಣ್ಣ ಬಿಲ್ಲೆ ಇರುತ್ತದೆ. ವೋಲ್ಟೇಜ್ ಏರಿದರೆ ತಾನು ಶಾರ್ಟ್ ಆಗಿ ಫ್ಯೂಸ್ ಹಾರಿಸುವುದು ಅದರ ಕೆಲಸ. ಅದೊಂದೇ ಸುಟ್ಟಿದ್ದರೆ ನಿಮ್ಮ ಅದೃಷ್ಟ, ಸಣ್ಣ ಖರ್ಚು. ಮಾಸ್ಫೆಟ್ (ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಟ್ರಾನ್ಸಿಸ್ಟರ್) ಹೋಗಿದ್ದರೆ ಅದನ್ನು ಓಡಿಸುವ ಐಸಿ ಚಿಪ್ಪನ್ನೂ ನೋಡಬೇಕು, ಇಲ್ಲವಾದರೆ ಹೊಸ ಮಾಸ್ಫೆಟ್ಟೂ ಹೋಗುತ್ತದೆ. ನಾವು 100 ವಾಟಿನ ಹಳೇ ಕಾಲದ ತಂತಿ ಬಲ್ಬನ್ನು ಬಾಕ್ಸಿಗೆ ಹೋಗುವ ಲೈನಿನ ನಡುವೆ ಸೀರೀಸಿನಲ್ಲಿ ಹಾಕಿ ಆನ್ ಮಾಡುತ್ತೇವೆ. ಬಲ್ಬ್ ಒಮ್ಮೆ ಮಿಂಚಿ ಮಂದ ಆದರೆ ಸರಿ, ಜೋರು ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಉಂಟು. ನೀವು ಬಿಚ್ಚಬೇಡಿ. ಪ್ಲಗ್ ಕಿತ್ತ ಮೇಲೂ ದೊಡ್ಡ ಕೆಪ್ಯಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿ ನಿಂತಿರಬಹುದು. ಅಂಗಡಿಗೆ ತನ್ನಿ. ಆನ್ ಆದದ್ದನ್ನು ಆ ಜನರೇಟರಿಗೆ ಹಾಕುವ ಮೊದಲು ನ್ಯೂಟ್ರಲ್ ಬಿಗಿ ಮಾಡಿಸಿ, ಎಲ್ಲ ಲೋಡ್ ಕೊಟ್ಟು ವೋಲ್ಟ್ ನೋಡಿ.

ಪ್ರಶ್ನೆ (ಸುರತ್ಕಲ್):
ನನ್ನದು ವೈರ್ ಅಲ್ಲಾಡಿಸಿದರೆ ಮಾತ್ರ ಆನ್ ಆಗುತ್ತದೆ. ಮನೆ ಕಡಲ ಬದಿ.

ಉತ್ತರ:
ನಿಮ್ಮದು ಪಸೆಯೇ, ಜೊತೆಗೆ ಉಪ್ಪು ಗಾಳಿ. ಸಾಕೆಟಿನ ಪಿನ್ ಹಸಿರಾಗಿದೆಯಾ ನೋಡಿ. ಪ್ಲಗ್ ಕಿತ್ತು ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಪೂರ್ತಿ ಒಣಗಲಿ. ಬೇರೆ ವೈರಿಗೂ ಹಾಗೇ ಆದರೆ ಸಾಕೆಟ್ ಬದಲಿಸಿ. ಅಲ್ಲಾಡಿಸಿಕೊಂಡು ಓಡಿಸಬೇಡಿ, ಅಲ್ಲೇ ಕಿಡಿ ಹಾರಿ ಪ್ಲಾಸ್ಟಿಕ್ ಕರಗುತ್ತದೆ.